ಸದ್ದು ಕೇಳ್ತೈತಿ, ಮಾತು ಕೇಳಂಗಿಲ್ಲ

ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ನಾನು ಕಾರಿನಲ್ಲಿ ಹೇರಿಕೊಂಡು ಹೋದದ್ದು ಪಟಾಕಿಯಲ್ಲ, 18 ಕೆಜಿ ತೂಕದ ಒಂದು ಸಬ್‌ವೂಫರ್. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ಬಡಿದಿದ್ದರು, ಮೂರನೇ ಸಲ ಓನರ್‌ಗೇ ಫೋನ್ ಮಾಡಿದ್ದರು. ಹಾಗಾಗಿ ರಿಸೀವರ್, ಐದು ಸ್ಪೀಕರ್, ಈ ದೊಡ್ಡ ಡಬ್ಬಿ ಎಲ್ಲವನ್ನೂ ಸಂಡೂರು ತಾಲ್ಲೂಕಿನ ಯಶವಂತನಗರದ ನಮ್ಮ ಮನೆಯ ಹಾಲ್‌ಗೆ ವರ್ಗ ಮಾಡಿದೆ. ಅಪ್ಪ ಕೆಲಸ ಬಿಟ್ಟು ಮನೆಯಲ್ಲೇ ಇದ್ದಾನೆ, ಸಿನಿಮಾ ಅಂದರೆ ಪ್ರಾಣ, ಅವನಿಗೊಂದು ಗಿಫ್ಟ್ ಅಂತ ಹೆಂಡತಿಗೆ ಹೇಳಿದ್ದೆ. ಅರ್ಧ ನಿಜ. ಇನ್ನರ್ಧ ನನ್ನ ಚಟ.

ಮೊದಲ ದಿನ ಸಂಜೆ ಹಾಕಿದ್ದು ಕೆಜಿಎಫ್ ಎರಡನೇ ಭಾಗ. ಹೊಸ ಸಿಸ್ಟಮ್‌ಗೆ ಪೂಜೆ ಮಾಡಬೇಕಾದರೆ ಇನ್ಯಾವ ಸಿನಿಮಾ ಹಾಕ್ತೀರಿ? ಅಕ್ಕಪಕ್ಕದ ಹುಡುಗರು, ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿ ಹಾಲ್ ತುಂಬಿತ್ತು. ರಾಕಿ ಆ 'ದೊಡ್ಡಮ್ಮ' ಬಂದೂಕು ಹಿಡಿದು ಪೊಲೀಸ್ ಠಾಣೆಯನ್ನು ಚಿಂದಿ ಮಾಡುವ ಹೊತ್ತಿಗೆ ಅಡುಗೆಮನೆಯಲ್ಲಿ ಅವ್ವನ ಸ್ಟೀಲ್ ತಟ್ಟೆಗಳು ತಾವೇ ತಾಳ ಹಾಕುತ್ತಿದ್ದವು. ಹುಡುಗರು ಸಿಳ್ಳೆ ಹೊಡೆದರು. ನಾನು ಸೋಫಾದ ಮೇಲೆ ಕೂತು ರಿಮೋಟ್ ಹಿಡಿದು, ಇಡೀ ಪಡೆಗೆ ಸೇನಾಪತಿ ನಾನೇ ಅನ್ನುವ ಮುಖ ಮಾಡಿಕೊಂಡಿದ್ದೆ.

ಅಪ್ಪ ಹಿಂದಿನ ಗೋಡೆಗೆ ತಾಗಿಸಿದ ತನ್ನ ಮರದ ಕುರ್ಚಿಯಲ್ಲಿ ಅರ್ಧ ಗಂಟೆ ಕೂತಿದ್ದ. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ.

"ಯಾಕಪ್ಪಾ, ಚೆನ್ನಾಗಿಲ್ಲೇನು?"

"ಸದ್ದು ಕೇಳ್ತೈತಿ, ಮಾತು ಕೇಳಂಗಿಲ್ಲ" ಅಂದವನೇ ಹೊರಗಿನ ಕಟ್ಟೆಗೆ ಹೋಗಿ ಕೂತ. ಸಿನಿಮಾ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಈ ಲೇಖನ ಆ ಒಂದು ಮಾತಿನ ವಿಮರ್ಶೆ. ಅದು ಸಿನಿಮಾದ ಮೇಲಿನ ವಿಮರ್ಶೆಯೋ, ನನ್ನ ಸಿಸ್ಟಮ್ ಮೇಲಿನ ವಿಮರ್ಶೆಯೋ, ನನ್ನ ಮೇಲಿನದೋ ಅಂತ ವಿಂಗಡಿಸುವುದಕ್ಕೆ ನನಗೆ ಒಂದು ವಾರದ ರಜೆ ಪೂರ್ತಿ ಬೇಕಾಯಿತು.

ಮೊದಲು ಅಪ್ಪನ ಕಿವಿಯ ವಿಷಯ ಹೇಳಬೇಕು. ಅಪ್ಪ ಇಪ್ಪತ್ತು ವರ್ಷದ ಮೇಲೆ ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಗಣಿಯಲ್ಲಿ ಡ್ರಿಲ್ ಮಷಿನ್ ಹಿಡಿದವನು. ಆ ಕಾಲದಲ್ಲಿ ಕಿವಿಗೆ ರಕ್ಷಣೆ ಅಂದರೆ ಅರಳೆ ತುರುಕಿಕೊಳ್ಳುವುದು, ಅದೂ ನೆನಪಾದರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ಲ, ನಾನಾಗ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ರಜೆಗೆ ಬಂದರೆ ಊರು ಊರಿನ ಹಾಗೇ ಇರಲಿಲ್ಲ. ಹಗಲೂ ರಾತ್ರಿ ಹೋಗುತ್ತಿದ್ದ ಲಾರಿಗಳಿಲ್ಲ, ಮಧ್ಯಾಹ್ನದ ಬ್ಲಾಸ್ಟಿಂಗ್ ಇಲ್ಲ, ಕಿಟಕಿ ಗಾಜು ಅದುರುವುದಿಲ್ಲ. ನನಗೆ ಆ ಮೌನ ಖುಷಿ ಕೊಟ್ಟಿತ್ತು. ಅಪ್ಪ ಮಾತ್ರ ಒಂದು ರಾತ್ರಿ ಎದ್ದು ಕೂತು, "ಯಾರ ಮನೆಯಾಗ ಕುಕ್ಕರ್ ಕೂಗ್ತೈತಿ ಇಷ್ಟೊತ್ನಾಗ?" ಅಂತ ಕೇಳಿದ. ಯಾರ ಮನೆಯದ್ದೂ ಅಲ್ಲ. ಅದು ಅವನ ಕಿವಿಯೊಳಗಿನ ಸಿಳ್ಳೆ. ವರ್ಷಗಳಿಂದ ಇದ್ದಿರಬೇಕು, ಹೊರಗಿನ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಊರು ಸುಮ್ಮನಾದ ಮೇಲೆ ಅದೊಂದೇ ಉಳಿಯಿತು.

ಹೊಸಪೇಟೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಕಾಗದದ ಮೇಲಿನ ಗೆರೆ ಎಡಗಡೆಯಿಂದ ಸರಾಗವಾಗಿ ಬಂದು ಬಲಗಡೆ, 4000 ಹರ್ಟ್ಜ್ ಹತ್ತಿರ, ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಗದ್ದಲದಲ್ಲಿ ದುಡಿದವರ ಕಿವಿ ಹಾಳಾಗುವ ಕ್ರಮವೇ ಹಾಗೆ: ತಗ್ಗಿನ ಸದ್ದುಗಳು ಉಳಿಯುತ್ತವೆ, ಎತ್ತರದವು ಮೊದಲು ಹೋಗುತ್ತವೆ. ಮಾತಿನಲ್ಲಿ ಸ್ವರಗಳಿಗೆ ಬಲ ಜಾಸ್ತಿ, ಅವು ಕೆಳಗಿವೆ. ಅರ್ಥ ಬೇರೆ ಮಾಡುವ ಸ, ಶ, ತ, ಚ ಇವೆಲ್ಲ ತೆಳ್ಳಗೆ ಮೇಲಿವೆ. ಹಾಗಾಗಿ ಅಪ್ಪನಿಗೆ "ಸಾಕು" "ಹಾಕು" ಎರಡೂ ಒಂದೇ. ಅವ್ವ ಅನ್ನ ಬಡಿಸುತ್ತಾ "ಸಾಕೇನು?" ಅಂದರೆ ಇನ್ನೂ ಹಾಕಲೇನು ಅಂತ ಕೇಳಿದಳು ಅಂದುಕೊಂಡು "ಹ್ಞೂಂ" ಅನ್ನುತ್ತಾನೆ. ಅವಳು ಕೈ ನಿಲ್ಲಿಸುತ್ತಾಳೆ. ಅವನು ತಟ್ಟೆ ನೋಡಿಕೊಂಡು ಕೂರುತ್ತಾನೆ. ನಾವು ನಗುತ್ತೇವೆ, ಅವನೂ ನಗುತ್ತಾನೆ. ಕಿವಿಗೆ ಮಷಿನ್ ಹಾಕಿಸಿಕೋ ಅಂದರೆ "ಮಷಿನ್ ಸಾಕಾಗೈತಿ ಬಿಡು" ಅನ್ನುತ್ತಾನೆ.

ಇಂಥ ಕಿವಿಗೆ ನಾನು ತಂದುಕೊಟ್ಟಿದ್ದು ಏನು? ಅವನಿಗೆ ಚೆನ್ನಾಗಿಯೇ ಕೇಳುವ ಸದ್ದನ್ನು ಇನ್ನಷ್ಟು ಜಾಸ್ತಿ ಮಾಡುವ ಯಂತ್ರ. ತಗ್ಗಿನ ಜೋರು ಸದ್ದಿಗೆ ಇನ್ನೊಂದು ಗುಣ ಇದೆ: ಅದು ತನಗಿಂತ ಮೇಲಿನ ಸದ್ದುಗಳನ್ನು ನುಂಗುತ್ತದೆ. ಮೇಲಿನದು ಕೆಳಗಿನದನ್ನು ಅಷ್ಟು ಸುಲಭಕ್ಕೆ ನುಂಗುವುದಿಲ್ಲ. ಒಳ್ಳೆಯ ಕಿವಿ ಇದ್ದವರಿಗೂ ಹೀಗೇ. ಅಪ್ಪನ ಕಿವಿಯಲ್ಲಿ ನುಂಗುವುದಕ್ಕೆ ಉಳಿದದ್ದೇ ಸ್ವಲ್ಪ.

ನಮ್ಮ ಬೇಸ್ ಹುಚ್ಚಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ದುಡ್ಡು ಸೇರಿಸಿ ಒಂದು ಡಬ್ಬಿ ತಂದಿದ್ದೆವು. ಅದರ ಮೇಲೆ ಸಾವಿರಗಟ್ಟಲೆ ವ್ಯಾಟ್ 'ಪಿಎಂಪಿಒ' ಅಂತ ಬಂಗಾರದ ಬಣ್ಣದ ಸ್ಟಿಕ್ಕರ್. ಗೋಡೆಯ ಸಾಕೆಟ್‌ನಿಂದ ಅದು ಎಳೆದುಕೊಳ್ಳುತ್ತಿದ್ದದ್ದು ಒಂದು ಬಲ್ಬಿನಷ್ಟು ಕರೆಂಟು. ಕ್ಷಣದ ಸಾವಿರದ ಒಂದು ಭಾಗದಲ್ಲಿ ಕಾಗದದ ಮೇಲೆ ಸಾಧ್ಯವಿರಬಹುದಾದ ಲೆಕ್ಕವನ್ನು ಡಬ್ಬಿಯ ಮೇಲೆ ಅಚ್ಚು ಹಾಕುವುದು ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ನಮಗೂ ತಮಾಷೆ ಅನಿಸಲಿಲ್ಲ, ಹೆಮ್ಮೆಯಾಗಿತ್ತು. ಆ ಡಬ್ಬಿಯಲ್ಲಿ ಬರುತ್ತಿದ್ದದ್ದು ಬೇಸ್ ಅಲ್ಲ, ನೂರು ಹರ್ಟ್ಜ್ ಸುತ್ತಮುತ್ತಲಿನ ಒಂದೇ ಗುಮ್ಮು. ಎಲ್ಲ ಹಾಡಿಗೂ ಅದೇ ಗುಮ್ಮು. ಡೊಳ್ಳೂ ಅದೇ, ಗಿಟಾರೂ ಅದೇ, ಬಾಗಿಲು ಹಾಕಿದ್ದೂ ಅದೇ.

ಅಲ್ಲಿಂದ ಇಲ್ಲಿಗೆ ಸಂಬಳ ಬೆಳೆದಿದೆ, ರುಚಿ ಬೆಳೆದಿಲ್ಲ. ಶೋರೂಮಿಗೆ ಹೋಗಿ ನೋಡಿ, ಡೆಮೋ ಕೊಡುವವನು ಹಾಕುವುದು ಸ್ಫೋಟ, ಗುಂಡು, ಡೈನೋಸಾರ್ ಹೆಜ್ಜೆ. ಇಬ್ಬರು ಕೂತು ಮಾತಾಡುವ ದೃಶ್ಯ ಹಾಕಿ ಸಿಸ್ಟಮ್ ಮಾರಿದವನನ್ನು ನಾನಿನ್ನೂ ಕಂಡಿಲ್ಲ. ಗಣಪತಿ ಮೆರವಣಿಗೆಯ ಡಿಜೆ ಮುಂದೆ ನಿಂತು ಎದೆಗೂಡು ಅಲ್ಲಾಡಿದರೆ "ಸೌಂಡ್ ಅಂದ್ರೆ ಇದು" ಅನ್ನುತ್ತೇವೆ. ಇದು ನಮ್ಮ ಕಾಲದ್ದು ಮಾತ್ರ ಅಲ್ಲ ಬಿಡಿ. 1974ರಲ್ಲಿ ಅಮೆರಿಕದ 'ಅರ್ಥ್‌ಕ್ವೇಕ್' ಅನ್ನುವ ಸಿನಿಮಾಕ್ಕೆ 'ಸೆನ್ಸರೌಂಡ್' ಅಂತ ವ್ಯವಸ್ಥೆ ಮಾಡಿ, ಚಿತ್ರಮಂದಿರದಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು ಕುರ್ಚಿ ನಡುಗಿಸಿದ್ದರು. ಈಗಿನ 5.1ರಲ್ಲಿ ಆ '.1' ಅನ್ನುವುದು 120 ಹರ್ಟ್ಜ್‌ವರೆಗಿನ ತಗ್ಗಿನ ಸದ್ದಿಗೇ ಮೀಸಲಾದ ಹಾದಿ, ಅದನ್ನು ಉಳಿದ ಹಾದಿಗಳಿಗಿಂತ 10 ಡೆಸಿಬೆಲ್ ಜಾಸ್ತಿಯಲ್ಲೇ ನುಡಿಸಬೇಕೆಂಬ ನಿಯಮವೂ ಇದೆ. ಇಟ್ಟಿದ್ದು ಅಪರೂಪಕ್ಕೆ ಬಳಸಲಿ ಅಂತ. ಹಬ್ಬದ ಹೋಳಿಗೆಯನ್ನು ದಿನಾ ಮೂರು ಹೊತ್ತು ಬಡಿಸಿದರೆ ಏನಾಗುತ್ತದೋ ಅದು ಆಗಿದೆ.

ಕೆಜಿಎಫ್ ಬಗ್ಗೆ ನನ್ನ ತಕರಾರೂ ಇದೇ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ ಬಂದಾಗ ಕನ್ನಡ ಸಿನಿಮಾದ ಸದ್ದು ಬೇರೆಯವರೂ ಕಿವಿಗೊಡುವ ಮಟ್ಟಕ್ಕೆ ಏರಿತು ಅಂತ ಎದೆಯುಬ್ಬಿಸಿ ಓಡಾಡಿದವರಲ್ಲಿ ನಾನೂ ಒಬ್ಬ. ರವಿ ಬಸ್ರೂರ್ ಅವರ ನಗಾರಿ, ಕೋರಸ್ಸು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಎರಡನೇ ಭಾಗದಲ್ಲಿ ಆ ಸದ್ದಿಗೆ ವಿಶ್ರಾಂತಿಯೇ ಇಲ್ಲ ಅನಿಸಿತು. ನಾಯಕ ನಡೆದರೂ ಗುಡುಗು, ನಿಂತರೂ ಗುಡುಗು, ಸುಮ್ಮನೆ ತಿರುಗಿ ನೋಡಿದರೂ ಗುಡುಗು. ನಿಜವಾದ ಗುಡುಗು ಬರುವ ಹೊತ್ತಿಗೆ ಕಿವಿ ದಣಿದಿರುತ್ತದೆ. ನಮ್ಮೂರ ಪೀರಲ ಹಬ್ಬದಲ್ಲಿ ಹಲಗೆ ಬಡಿಯುವವರಿಗೆ ಗೊತ್ತಿರುವ ವಿಷಯ ಇದು. ಬೆಂಕಿ ಸುತ್ತ ಕುಣಿಯುವಾಗ ಅವರು ಒಂದು ಕ್ಷಣ ಕೈ ನಿಲ್ಲಿಸುತ್ತಾರೆ. ಆ ನಿಲ್ಲಿಸಿದ ಜಾಗದಲ್ಲೇ ಎಲ್ಲರ ಉಸಿರು ಸಿಕ್ಕಿಹಾಕಿಕೊಳ್ಳುವುದು.

ಇದೇ 2022ರಲ್ಲಿ ಬಂದ ಕಾಂತಾರ ನೋಡಿ. ಅಜನೀಶ್ ಲೋಕನಾಥ್ ಅವರ ಸಂಗೀತದಲ್ಲೂ ಡ್ರಮ್ಮು ಕಡಿಮೆಯೇನಿಲ್ಲ. ಆದರೂ ಆ ಸಿನಿಮಾದ ಸದ್ದು ಅಂದಾಕ್ಷಣ ನಿಮಗೆ ನೆನಪಾಗುವುದು ಯಾವುದು? ಒಬ್ಬ ಮನುಷ್ಯನ ಗಂಟಲಿನಿಂದ ಬಂದ ಕೂಗು. ಅದರಲ್ಲಿ ಸಬ್‌ವೂಫರ್‌ಗೆ ಹೆಚ್ಚು ಕೆಲಸವೇ ಇಲ್ಲ. ಚಿತ್ರಮಂದಿರದಲ್ಲಿ ಅಪ್ಪನ ಪಕ್ಕ ಕೂತು ನೋಡಿದ್ದೆ. ಆ ಕೂಗು ಅಪ್ಪನಿಗೂ ಪೂರ್ತಿ ಕೇಳಿತ್ತು.

ಇನ್ನೊಂದು ಕಿರಿಕಿರಿ ಇದೆ, ಅದನ್ನು ಹೇಳಿದರೆ ಕೆಲವರು ಬೈಯಬಹುದು. ಪರದೆಯ ಮೇಲೆ ಗಣಿಯ ಸದ್ದು ಅಂದರೆ ಪೌರುಷ. ಅದು ಬಂಗಾರದ ಗಣಿ, ನಮ್ಮದು ಕಬ್ಬಿಣದ ಅದಿರು, ಕೋಲಾರಕ್ಕೂ ಸಂಡೂರಿಗೂ ಬಹಳ ದೂರ, ಎಲ್ಲ ಸರಿ. ಆದರೂ ಗಣಿಯ ಸದ್ದಿಗೆ ಕಿವಿ ಕೊಟ್ಟು ಬಂದವನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿಕೊಂಡು, ಗಣಿಯ ಸದ್ದಿಗೆ ಸಿಳ್ಳೆ ಹೊಡೆಯುವ ಸಿನಿಮಾ ಹಾಕಿದ್ದೆನಲ್ಲ, ಅದು ಹೊಳೆದದ್ದು ಅವನು ಎದ್ದುಹೋದ ಮೇಲೆ.

ಇಷ್ಟೆಲ್ಲ ಸಿನಿಮಾದ ಮೇಲೆ ಹೊರಿಸಿ ರಜೆ ಮುಗಿಸಬಹುದಿತ್ತು. ಮಾರನೇ ದಿನ ಬೆಳಿಗ್ಗೆ ಯಾರೂ ಇಲ್ಲದಾಗ ಅದೇ ದೃಶ್ಯ ಹಾಕಿ, ಸುಮ್ಮನೆ ಅಪ್ಪನ ಕುರ್ಚಿಯಲ್ಲಿ ಕೂತೆ. ಎರಡು ನಿಮಿಷ ಕೂರಲು ಆಗಲಿಲ್ಲ. ಹಂಡೆಯೊಳಗೆ ತಲೆ ಇಟ್ಟ ಹಾಗೆ! ಸೋಫಾಕ್ಕೆ ಬಂದು ಕೂತರೆ ಸರಿಯಾಗಿದೆ, ಇನ್ನೂ ಸ್ವಲ್ಪ ಬೇಸ್ ಬೇಕು ಅನಿಸುವಷ್ಟು ಸರಿಯಾಗಿದೆ. ಎಂಟು ಅಡಿ ಅಂತರದಲ್ಲಿ ಎರಡು ಬೇರೆ ಬೇರೆ ಸಿನಿಮಾ.

ಲ್ಯಾಪ್‌ಟಾಪಿಗೆ ಅಳತೆಯ ಮೈಕ್ ಸಿಕ್ಕಿಸಿ, 'ರೂಮ್ ಇಕ್ಯೂ ವಿಝರ್ಡ್' ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿದೆ. 35 ಹರ್ಟ್ಜ್ ಹತ್ತಿರ ಸೋಫಾದಲ್ಲಿ ದೊಡ್ಡ ಹಳ್ಳ. ಅಪ್ಪನ ಕುರ್ಚಿಯಲ್ಲಿ ಅದೇ ಜಾಗದಲ್ಲಿ ಗುಡ್ಡ. ವ್ಯತ್ಯಾಸ 17 ಡೆಸಿಬೆಲ್. ಸಾಮಾನ್ಯವಾಗಿ 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಅನಿಸುತ್ತದೆ, ತಗ್ಗಿನ ಸದ್ದಿನಲ್ಲಿ ಅದಕ್ಕಿಂತಲೂ ಹೆಚ್ಚು. 70ರ ಹತ್ತಿರ ಅಪ್ಪನ ಕಡೆ ಇನ್ನೊಂದು ಗುಡ್ಡ.

ಕಾರಣ ಸಬ್‌ವೂಫರಿನಲ್ಲಿಲ್ಲ, ಹಾಲ್‌ನಲ್ಲಿದೆ. ನಮ್ಮ ಹಾಲ್ 16 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 35 ಹರ್ಟ್ಜ್‌ನ ಒಂದು ಅಲೆಯ ಉದ್ದ ಹೆಚ್ಚುಕಡಿಮೆ 9.8 ಮೀಟರ್, ಅಂದರೆ 32 ಅಡಿ. ಅದರ ಅರ್ಧ ಸರಿಯಾಗಿ ನಮ್ಮ ಹಾಲ್‌ನ ಉದ್ದ. ಬಚ್ಚಲ ತೊಟ್ಟಿಯ ನೀರನ್ನು ಒಂದು ತುದಿಯಿಂದ ತಾಳಕ್ಕೆ ಸರಿಯಾಗಿ ತಳ್ಳಿ ನೋಡಿ. ಎರಡೂ ತುದಿಯಲ್ಲಿ ನೀರು ಏರಿ ಇಳಿಯುತ್ತದೆ, ನಡುವೆ ಮಟ್ಟ ಕದಲುವುದೇ ಇಲ್ಲ. ಹಾಲ್‌ನಲ್ಲಿ ಗಾಳಿಯ ಒತ್ತಡ ಮಾಡುವುದೂ ಅದನ್ನೇ. ನಾನು ಕೂತದ್ದು ಕದಲದ ನಡುಭಾಗದಲ್ಲಿ. ಅಪ್ಪ ಕೂತದ್ದು ಉಕ್ಕುವ ತುದಿಯಲ್ಲಿ. ಸಬ್ ಇಟ್ಟದ್ದು ಎದುರಿನ ಮೂಲೆಯಲ್ಲಿ, ಅಂದರೆ ತಳ್ಳುವುದಕ್ಕೆ ಅತ್ಯಂತ ಅನುಕೂಲದ ಜಾಗ. "ನೆಲ ನಡುಗ್ತಿಲ್ಲವಲ್ಲ" ಅಂತ ನನ್ನ ಹಳ್ಳ ತುಂಬಿಸಲು ಗುಬುಟು ತಿರುಗಿಸಿದಷ್ಟೂ ಅಪ್ಪನ ಗುಡ್ಡ ಬೆಳೆಯುತ್ತಿತ್ತು.

ರಿಸೀವರ್ ಜೊತೆ ಒಂದು ಸಣ್ಣ ಮೈಕ್ ಕೊಡುತ್ತಾರೆ, ಆಟೋಮ್ಯಾಟಿಕ್ಕಾಗಿ ಎಲ್ಲ ಹೊಂದಿಸಿಕೊಳ್ಳುತ್ತದೆ. ಅದನ್ನೂ ಬಳಸಿದ್ದೆ. ಬೇರೆ ಬೇರೆ ಜಾಗದಲ್ಲಿಟ್ಟು ಅಳೆಯಿರಿ ಅಂತ ಪರದೆಯ ಮೇಲೆ ಬಂದಾಗಲೆಲ್ಲ ಸೋಫಾದ ಮೇಲೆ ನಾನು ಕೂರುವ ಜಾಗದಲ್ಲೇ ಅರ್ಧ ಅಡಿ ಆಚೀಚೆ ಸರಿಸಿ ಮುಗಿಸಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಫೀಸಿನಲ್ಲಿ ಜೂನಿಯರ್‌ಗಳಿಗೆ 'ನಿನ್ನ ಲ್ಯಾಪ್‌ಟಾಪಿನಲ್ಲಿ ಓಡಿದರೆ ಸಾಲದು ಕಣಪ್ಪ' ಅಂತ ಬುದ್ಧಿ ಹೇಳುವವನು ನಾನೇ.

ಸರಿಪಡಿಸುವ ಕೆಲಸ ಅರ್ಧ ಗಣಿತ, ಅರ್ಧ ತೆವಳಾಟ. ತೆವಳಾಟ ಅಂದರೆ ನಿಜವಾಗಿಯೂ ತೆವಳಾಟ. ಕೇಳುವವರು ಕೂರುವ ಜಾಗದಲ್ಲಿ ಸಬ್‌ವೂಫರ್ ಇಟ್ಟು, ತಗ್ಗಿನ ಸ್ವರಗಳು ಒಂದಾದ ಮೇಲೊಂದು ಬರುವ ಹಾಗೆ ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿನಲ್ಲಿ ಹೋಗಬೇಕು. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲಿ ಸಬ್ ಇಡಬೇಕು. ಕೊಡುವ ಜಾಗ, ಕೇಳುವ ಜಾಗ ಅದಲುಬದಲು ಮಾಡಿದರೂ ಫಲಿತಾಂಶ ಅದೇ ಇರುತ್ತದೆ ಅನ್ನುವುದು ಇದರ ಹಿಂದಿನ ಉಪಾಯ. ಅಪ್ಪನ ಮರದ ಕುರ್ಚಿಯ ಮೇಲೆ ಡಬ್ಬಿ ಕೂರಿಸಿ ನಾನು ನೆಲದ ಮೇಲೆ ಮೂತಿಯಿಟ್ಟು ಹೋಗುತ್ತಿದ್ದರೆ ಅವ್ವ ಬಾಗಿಲಲ್ಲಿ ನಿಂತಳು.

"ಏನು ಕಳ್ಕಂಡಿಯಪ್ಪಾ?"

"ಬೇಸ್ ಹುಡುಕ್ತಿದೀನಿ ಅವ್ವಾ."

"ಎಲ್ಲಾ ಬೇಸೇ ಐತಲ್ಲ, ಇನ್ನೇನು ಹುಡುಕ್ತೀ?"

ನಮ್ಮ ಕಡೆ ಬೇಸು ಅಂದರೆ ಚೆನ್ನ ಅಂತ ಅರ್ಥ. ಬೆಂಗಳೂರಿನವರಿಗೆ ಈ ಜೋಕು ಅರ್ಧ ದಾಟುವುದಿಲ್ಲ, ಇರಲಿ.

ಕೊನೆಗೆ ಜಾಗ ಸಿಕ್ಕಿದ್ದು ಉದ್ದದ ಗೋಡೆಗೆ, ಮೂಲೆಯಿಂದ ನಾಲ್ಕು ಅಡಿ ಈಚೆಗೆ, ಅವ್ವನ ಹೊಲಿಗೆ ಮಷಿನ್ ಪಕ್ಕ. 16 ಅಡಿಯಲ್ಲಿ ನಾಲ್ಕು ಅಡಿ ಅಂದರೆ ಕಾಲು ಭಾಗ. ಅಲ್ಲಿಂದ 70 ಹರ್ಟ್ಜ್‌ನ ಗುಡ್ಡವನ್ನು ಎಬ್ಬಿಸಲು ಆಗುವುದೇ ಇಲ್ಲ, 35ರದ್ದೂ ಒಂದಿಷ್ಟು ತಗ್ಗುತ್ತದೆ. ಲೆಕ್ಕ ಹಾಕಿದ್ದರೆ ತೆವಳದೇ ಗೊತ್ತಾಗುತ್ತಿತ್ತು ಅನ್ನಬೇಡಿ. ಕಿಟಕಿ, ಬಾಗಿಲು, ಪಕ್ಕದ ಅಡುಗೆಮನೆ ಎಲ್ಲ ಸೇರಿ ಲೆಕ್ಕ ಕೆಡಿಸುತ್ತವೆ. ಇನ್ನೊಂದು ಕೆಲಸಕ್ಕೆ ಪೈಸೆ ಖರ್ಚಿಲ್ಲ, ಆದರೆ ಅದೇ ಕಷ್ಟವಾಯಿತು: ಅಪ್ಪನ ಕುರ್ಚಿಯನ್ನು ಗೋಡೆಯಿಂದ ಮೂರು ಅಡಿ ಮುಂದೆ ತರುವುದು. ಹದಿನೈದು ವರ್ಷದಿಂದ ಗೋಡೆಗೆ ತಲೆ ಆನಿಸಿ ಕೂತವನು. "ಬೆನ್ನ ಹಿಂದ ಬಯಲು ಬಿಟ್ಟಂಗಾಗ್ತೈತಿ" ಅಂದ. ಹಿಂದೆ ಅಕ್ಕಿ ಮೂಟೆ ಇಟ್ಟು ಒಪ್ಪಿಸಿದೆ.

ಉಳಿದದ್ದು ಬೇಗ ಮುಗಿಯಿತು. ಸ್ಪೀಕರುಗಳನ್ನು ರಿಸೀವರ್‌ನಲ್ಲಿ 'ಸ್ಮಾಲ್' ಅಂತ ಇಟ್ಟೆ. ದುಡ್ಡು ಕೊಟ್ಟು ತಂದ ಸ್ಪೀಕರನ್ನು ಸಣ್ಣದು ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಅದರ ಅರ್ಥ ತಗ್ಗಿನ ಭಾರವನ್ನು ಸಬ್‌ಗೆ ವಹಿಸು ಅಂತ, ಅಷ್ಟೇ. ಗಡಿಯನ್ನು 80 ಹರ್ಟ್ಜ್‌ಗೆ ಇಟ್ಟೆ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಕಿವಿ ಗುರುತಿಸುವುದು ಕಷ್ಟ, ಹಾಗಾಗಿ ಹೊಲಿಗೆ ಮಷಿನ್ ಪಕ್ಕದಿಂದ ಬಂದರೂ ಪರದೆಯಿಂದ ಬಂದ ಹಾಗೇ ಇರುತ್ತದೆ. ಸಬ್‌ನ ಹಿಂದಿರುವ ಅದರದೇ ಗಡಿಯ ಗುಬುಟನ್ನು ಪೂರ್ತಿ ಮೇಲಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಎರಡೆರಡು ಸಲ ಸೋಸಿದ ಹಾಗಾಗುತ್ತದೆ. ಫೇಸ್ ಅನ್ನುವ ಸ್ವಿಚ್ಚನ್ನು ಎರಡೂ ಕಡೆ ಹಾಕಿ ನೋಡಿ, 80ರ ಹತ್ತಿರ ಯಾವುದರಲ್ಲಿ ತುಂಬಿ ಕೇಳುತ್ತದೋ ಅದನ್ನು ಉಳಿಸಿದೆ. ಪರೀಕ್ಷೆಯ ಸದ್ದಿನಲ್ಲಿ ಎಲ್ಲ ಸ್ಪೀಕರೂ 75 ಡೆಸಿಬೆಲ್‌ಗೆ ಬರುವ ಹಾಗೆ ಮಾಡಿದೆ, ಈ ಸಲ ಅಪ್ಪನ ಕುರ್ಚಿಯಲ್ಲಿ ಅಳೆದು. ಉಳಿದಿದ್ದ 35ರ ಗುಡ್ಡವನ್ನು ಇಕ್ವಲೈಜರ್‌ನಲ್ಲಿ ಕಡಿದೆ. ಗುಡ್ಡ ಕಡಿಯಬಹುದು, ಹಳ್ಳ ತುಂಬಲಾಗದು. ಅಲೆಗಳೇ ಒಂದನ್ನೊಂದು ಅಳಿಸಿಕೊಳ್ಳುವ ಜಾಗಕ್ಕೆ ಎಷ್ಟು ಸುರಿದರೂ ವ್ಯರ್ಥ. ಹಾಗಾಗಿ ನನ್ನ ಸೋಫಾದಲ್ಲಿ ಬೇಸ್ ಈಗಲೂ ಸ್ವಲ್ಪ ಸೊರಗಿದೆ. ಇರಲಿ ಬಿಡಿ, ನಾನು ವರ್ಷಕ್ಕೆ ಹತ್ತು ದಿನ ಕೂರುವವನು.

ಕೊನೆಯದಾಗಿ ನಡುವಿನ ಸ್ಪೀಕರನ್ನು, ಮಾತು ಬರುವುದು ಅದರಿಂದಲೇ, 3 ಡೆಸಿಬೆಲ್ ಏರಿಸಿದೆ. ಪುಸ್ತಕದ ಪ್ರಕಾರ ಇದು ತಪ್ಪು. ಪುಸ್ತಕ ಬರೆದವರ ಅಪ್ಪ ಡ್ರಿಲ್ ಹಿಡಿದಿರಲಿಕ್ಕಿಲ್ಲ.

ನನ್ನ ಹಾಗೆ ಬೆಂಗಳೂರಿನ 10 ಅಡಿ ಅಗಲ, 10 ಅಡಿ ಎತ್ತರದ ರೂಮಿನಲ್ಲಿ ಇದನ್ನೆಲ್ಲ ಮಾಡಲು ಹೊರಟವರಿಗೆ ಒಂದು ಮಾತು. ಅಗಲವೂ ಎತ್ತರವೂ ಒಂದೇ ಆದರೆ ಎರಡರ ಗುಡ್ಡವೂ 56 ಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಕೂರುತ್ತದೆ, ಅದನ್ನು ಯಾವ ದುಬಾರಿ ಸಬ್ಬೂ ಸರಿಮಾಡುವುದಿಲ್ಲ. ಮೊಟ್ಟೆ ಟ್ರೇ ಆಕಾರದ ಒಂದು ಇಂಚಿನ ಫೋಮನ್ನು ಗೋಡೆ ತುಂಬ ಅಂಟಿಸಿದರೂ ಆಗುವುದಿಲ್ಲ. ಆರು ಮೀಟರ್ ಉದ್ದದ ಅಲೆಗೆ ಒಂದು ಇಂಚು ಲೆಕ್ಕಕ್ಕೇ ಇಲ್ಲ. ಅದು ಮೇಲಿನ ಸದ್ದನ್ನಷ್ಟೇ ಹೀರಿ, ಮಾತನ್ನು ಮಂಕು ಮಾಡಿ, ಗುಮ್ಮನ್ನು ಹಾಗೇ ಬಿಡುತ್ತದೆ. ಅಂದರೆ ದುಡ್ಡು ಕೊಟ್ಟು ಅಪ್ಪನ ಕಿವಿಯನ್ನೇ ತಂದುಕೊಂಡ ಹಾಗೆ. ಇನ್ನು ರಾತ್ರಿ ವಾಲ್ಯೂಮ್ ಇಳಿಸಿದಾಗ ಬೇಸ್ ಮಾಯವಾಗುವುದು ನಿಮ್ಮ ಭ್ರಮೆಯಲ್ಲ. ಮೆಲ್ಲಗಿನ ಸದ್ದಿನಲ್ಲಿ ಕಿವಿಗೆ ತಗ್ಗಿನ ಸ್ವರಗಳು ಮೊದಲು ತಪ್ಪಿಹೋಗುತ್ತವೆ ಅಂತ ಫ್ಲೆಚರ್, ಮನ್ಸನ್ ಇಬ್ಬರೂ 1933ರಲ್ಲೇ ಗೆರೆ ಎಳೆದು ತೋರಿಸಿದ್ದಾರೆ. ನಾವು ರಾತ್ರಿ ಸಬ್ ಏರಿಸುತ್ತೇವೆ, ಬೆಳಿಗ್ಗೆ ಇಳಿಸಲು ಮರೆಯುತ್ತೇವೆ.

ಕೆಳಗಿನ ಮನೆಯವರ ಮುಂದೆ ನಾನು ಫೋನಿನ ಡೆಸಿಬೆಲ್ ಆ್ಯಪ್ ಹಿಡಿದು ವಾದ ಮಾಡಿದ್ದೂ ಈಗ ನೆನಪಾಗುತ್ತದೆ. ನಮ್ಮ ಶಬ್ದಮಾಲಿನ್ಯದ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಆದರೆ ಆ ಅಳತೆ 'ಎ' ತೂಕದ್ದು. ಅದು 50 ಹರ್ಟ್ಜ್‌ನ ಸದ್ದಿನಿಂದ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಅಂದರೆ ನಿಮ್ಮ ಸಬ್‌ನ 75 ಡೆಸಿಬೆಲ್ ಗುಮ್ಮು ಮೀಟರ್‌ನಲ್ಲಿ ಬರೀ 45! ಕಾಯ್ದೆಯ ಪ್ರಕಾರ ನಾನು ಸರಿ ಇದ್ದೆ, ಮೀಟರ್ ಪ್ರಕಾರವೂ ಸರಿ ಇದ್ದೆ. ಕೆಳಗಿನ ಮನೆಯಲ್ಲಿ ಒಂದು ವರ್ಷದ ಮಗು ಬೆಚ್ಚಿ ಏಳುತ್ತಿತ್ತು. ಸಬ್ ಊರಿಗೆ ಹೋದ ಮೇಲೆ ಅವರು ಲಿಫ್ಟಿನಲ್ಲಿ ನಕ್ಕು ಮಾತಾಡಿಸುತ್ತಾರೆ.

ಊರಿನಲ್ಲಿ ಎಲ್ಲ ಮುಗಿದ ಮೇಲೆ ಪರೀಕ್ಷೆಗೆ ಮತ್ತೆ ಅದೇ ಕೆಜಿಎಫ್ ದೃಶ್ಯ ಹಾಕಿದೆ. ನನ್ನ ತಕರಾರಿನಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳಬೇಕಾಯಿತು. ಮೊದಲು ಒಂದೇ ಗುಡುಗಾಗಿ ಕೇಳಿದ್ದು ಈಗ ಬಿಡಿಬಿಡಿ ಗುಂಡುಗಳಾಗಿ ಕೇಳಿತು. ಗುಂಡಿನ ನಡುವೆ ಗಾಜು ಉದುರುವುದು, ಖಾಲಿ ತೋಟಾ ನೆಲಕ್ಕೆ ಬೀಳುವುದು ಎಲ್ಲ ಇತ್ತು. ಯಾರೋ ಕೂತು ಶ್ರದ್ಧೆಯಿಂದ ಇಟ್ಟ ಸದ್ದುಗಳನ್ನು ನನ್ನ ಹಾಲ್ ನುಂಗಿತ್ತು. ಉಳಿದರ್ಧ ತಕರಾರು ಹಾಗೇ ಇದೆ. ಆ ಸಿನಿಮಾ ಉಸಿರಾಡಲು ಬಿಡುವುದಿಲ್ಲ, ಯಾವ ಕುರ್ಚಿಯಲ್ಲಿ ಕೂತರೂ.

ರಾತ್ರಿ ಅಪ್ಪನಿಗೆ ಅವನು ಕೇಳಿದ ಸಿನಿಮಾ, ಬಂಗಾರದ ಮನುಷ್ಯ. 1972ರದ್ದು, ಒಂದೇ ಹಾದಿಯ ಸದ್ದು. ಸಿಸ್ಟಮ್ ಪರೀಕ್ಷೆಗೆ ಯಾರೂ ಹಾಕುವುದಿಲ್ಲ. ಹಾಕಬೇಕು. ಸಬ್ ಸ್ವಲ್ಪ ಜಾಸ್ತಿಯಿದ್ದರೂ ರಾಜಕುಮಾರ್ ಕೊಡದೊಳಗಿಂದ ಮಾತಾಡಿದ ಹಾಗಾಗುತ್ತದೆ, ಕಡಿಮೆಯಿದ್ದರೆ ಟೆಲಿಫೋನಿನಲ್ಲಿ ಮಾತಾಡಿದ ಹಾಗೆ. ಅವರ ದನಿ ನಮ್ಮ ಮನೆಯ ನಡುಮನೆಯಲ್ಲೇ ಕೂತು ಮಾತಾಡಿದ ಹಾಗೆ ಬಂತು. ಅಪ್ಪ ಎದ್ದುಹೋಗಲಿಲ್ಲ. ಒಂದು ಕಡೆ ನಾವ್ಯಾರೂ ನಗುವ ಮೊದಲೇ ನಕ್ಕ. ಆ ಸಿನಿಮಾ ಅವನಿಗೆ ಬಾಯಿಪಾಠ ಇರಬಹುದು, ಹಾಗಾಗಿ ಅದನ್ನು ನನ್ನ ಸಾಧನೆ ಅಂತ ಪೂರ್ತಿ ಬರೆದುಕೊಳ್ಳಲಾರೆ.

ಇಂಟರ್ವಲ್‌ನಲ್ಲಿ ಹಿಂದೆ ತಿರುಗಿ ಹೊಲಿಗೆ ಮಷಿನ್ ಕಡೆ ನೋಡಿದ. ಡಬ್ಬಿಯ ಮೇಲೆ ಅವ್ವ ಆಗಲೇ ಒಂದು ಕ್ರೋಶಾ ಬಟ್ಟೆ ಹಾಸಿ ಹೂದಾನಿ ಇಟ್ಟಿದ್ದಳು.

"ಆ ಡಬ್ಬಿ ಬಂದ್ ಮಾಡೀಯೇನು?"

"ಇಲ್ಲಪ್ಪಾ, ಚಾಲೂ ಐತಿ."

ನಂಬಲಿಲ್ಲ. ಹೊಸಪೇಟೆ–ಸ್ವಾಮಿಹಳ್ಳಿ ದಾರಿಯಲ್ಲಿ ಅದಿರಿನ ಗೂಡ್ಸ್ ಗಾಡಿ ಬರುವ ಹೊತ್ತಾಗಿತ್ತು. ದೂರದಿಂದ ನೆಲದೊಳಗೆ ಗುರ್ರೆನ್ನುವುದು ಶುರುವಾಗಿ, ಕಿಟಕಿಯ ಚಿಲಕ ಅಲ್ಲಾಡಿ, ಅಡುಗೆಮನೆಯಲ್ಲಿ ತಟ್ಟೆಗಳು ಮಾತಾಡಿದವು. ಅಪ್ಪ ಕುರ್ಚಿಯ ಕೈ ಮೇಲೆ ಅಂಗೈ ಇಟ್ಟು ನನ್ನ ಕಡೆ ನೋಡಿದ.

"ಹ್ಞಾಂ, ಈಗ ಹಾಕೀ ನೋಡು."